ಕಡೆಯ ಪಂಕ್ತಿಗೂ ಪಲ್ಯ ಉಳಿಯಲಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮಾತಿನ ವಿಷಯವನ್ನು ಇನ್ನೊಂದು ವಾರಕ್ಕೆ ಇಟ್ಟುಕೊಳ್ಳೋಣ. ಇಂದು ಊಟದ ವಿಷಯ. ಊಟ ಬಲ್ಲವನು ಎಂದರೆ ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು, ತಾನು ಉಣ್ಣುವಾಗ ಮನೆಯಲ್ಲಿ ಇನ್ನೂ ಉಣ್ಣದವರು ಯಾರಿದ್ದಾರೆ ಎಂಬ ಮೂರನ್ನೂ ಅರಿತವನು. ಮೊದಲಿನ ಎರಡನ್ನು ಇಂದು ವೈದ್ಯರು ಹೇಳುತ್ತಾರೆ. ಮೂರನೆಯದನ್ನು ಧರ್ಮವೇ ಹೇಳಬೇಕು.

ವೀರಶೈವರ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಹೊಲದಿಂದ ಬಂದದ್ದು, ಸಂತೆಯಿಂದ ತಂದದ್ದು, ಒಲೆಯ ಮೇಲೆ ಬೆಂದದ್ದು ಎಲ್ಲವೂ ಪದಾರ್ಥ. ಅದು ಲಿಂಗಕ್ಕೆ ಅರ್ಪಿತವಾದ ಮೇಲೆ ಪ್ರಸಾದ. ಪ್ರಸಾದವನ್ನು ಚೆಲ್ಲಬಾರದು, ಹಳಿಯಬಾರದು, ಅದರಲ್ಲಿ ಭೇದ ಮಾಡಬಾರದು. ಈ ಮೂರು ನಿಯಮಗಳಲ್ಲಿ ಚೆಲ್ಲಬಾರದೆಂಬುದನ್ನು ನಮ್ಮ ಭಾಗದ ಭಕ್ತರು ಚೆನ್ನಾಗಿ ಪಾಲಿಸುತ್ತಾರೆ. ತಾಟು ತೊಳೆದು ಕುಡಿಯುವ ಹಿರಿಯರು ಇಂದಿಗೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಆದರೆ ಭೇದ ಮಾಡಬಾರದೆಂಬ ನಿಯಮವನ್ನು ಪಾಲಿಸುತ್ತಿದ್ದೇವೆಯೇ? ಈ ಪ್ರಶ್ನೆ ನಮಗೆ ಬಂದದ್ದು ಒಂದು ಬಿನ್ನಹದ ದಿನ.

ಬಿನ್ನಹದ ಮನೆಯಲ್ಲಿ ಕಂಡದ್ದು

ಕೆಲವು ವರ್ಷಗಳ ಹಿಂದಿನ ಮಾತು. ಶ್ರಾವಣ ಮಾಸದಲ್ಲಿ ಕುಂದಗೋಳ ಕಡೆಯ ಒಂದು ಹಳ್ಳಿಗೆ ಬಿನ್ನಹಕ್ಕೆ ಹೋಗಿದ್ದೆವು. ಒಕ್ಕಲುತನದ ಮನೆ. ಭಕ್ತಿಗೆ ಕೊರತೆಯಿಲ್ಲ, ಕೈಯೂ ದೊಡ್ಡದು. ಪಾದಪೂಜೆ ಮುಗಿದು ಪ್ರಸಾದಕ್ಕೆ ಕುಳಿತಾಗ ತಾಟಿನಲ್ಲಿ ಜಾಗ ಸಾಲದಾಯಿತು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಪುಂಡಿ ಪಲ್ಯ, ಮಡಕಿ ಕಾಳು, ಹೆಸರುಬೇಳೆಯ ಕೋಸಂಬರಿ, ಹಸಿ ಮೆಂತ್ಯೆ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹೋಳಿಗೆ, ಬಾಳೆಹಣ್ಣು. ಒಲ್ಲೆವೆಂದರೂ ಕೇಳದೆ ಪಲ್ಯವನ್ನು ಎರಡನೆಯ ಸಲ, ಮೂರನೆಯ ಸಲ ಬಡಿಸಿದರು. ನಮ್ಮ ನಂತರ ಬೀಗರು, ಗಂಡಸರು, ಮಕ್ಕಳು ಉಂಡರು.

ಹೊರಡುವ ಹೊತ್ತಿಗೆ ನಡೆಯಲಾರದ ಮುದುಕಿಯೊಬ್ಬರು ಒಳಗೆ ಮಲಗಿದ್ದಾರೆ, ಅವರಿಗೆ ಆಶೀರ್ವಾದ ಮಾಡಬೇಕೆಂದರು. ಒಳಗೆ ಹೋಗುವಾಗ ಅಡುಗೆಮನೆಯ ಬಾಗಿಲು ದಾಟಬೇಕಾಯಿತು. ಅಲ್ಲಿ ಮನೆಯ ಸೊಸೆ ಒಲೆಯ ಮಗ್ಗುಲಲ್ಲಿ ಕುಳಿತು ಉಣ್ಣುತ್ತಿದ್ದಳು. ಐದಾರು ತಿಂಗಳ ಗರ್ಭಿಣಿ. ಬೆಳಗಿನಿಂದ ಅಷ್ಟೂ ರೊಟ್ಟಿ ಬಡಿದವಳು ಅವಳೇ. ಅವಳ ತಾಟಿನಲ್ಲಿ ಎರಡು ರೊಟ್ಟಿ, ಕೆಂಪು ಖಾರ, ಒಂದು ಉಳ್ಳಾಗಡ್ಡಿ, ಬೋಗುಣಿಯ ತಳ ಕೆರೆದು ತೆಗೆದ ಒಂದಿಷ್ಟು ಎಣಗಾಯಿಯ ರಸ ಇದ್ದವು. ನಮ್ಮನ್ನು ಕಂಡು ತಟ್ಟನೆ ಸೆರಗು ಎಳೆದುಕೊಂಡು ಎದ್ದು ನಿಂತಳು.

"ತಂಗೀ, ನಿನಗ ಪಲ್ಯ ಇಲ್ಲೇನು?" ಎಂದು ಕೇಳಿದೆವು. ಅವಳು ಮಾತಾಡಲಿಲ್ಲ. ಹಿಂದೆ ಇದ್ದ ಅತ್ತೆ ಹೇಳಿದರು: "ನಮ್ಮ ಹೆಣ್ಣಮಕ್ಕಳದ್ದು ಹಿಂಗ ರೀ ಅಜ್ಜಾರ. ಎಲ್ಲಾರದೂ ಆದ ಮ್ಯಾಲ ಉಳದದ್ದು ಉಣ್ಣೂದು. ನಮ್ಮ ಅತ್ತಿನೂ ಹಿಂಗ ಉಂಡಾರ, ನಾನೂ ಹಿಂಗ ಉಂಡೇನಿ."

ಆ ತಾಯಿಯ ಮಾತಿನಲ್ಲಿ ಕೆಡುಕು ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದರು. ಆದರೆ ನಮಗೆ ಮಠಕ್ಕೆ ಬರುವವರೆಗೂ ಸಮಾಧಾನವಿರಲಿಲ್ಲ. ಮೂರನೆಯ ಸಲ ನಮ್ಮ ತಾಟಿಗೆ ಬಂದ ಪಲ್ಯ ಯಾರ ಪಾಲಿನದಾಗಿತ್ತು? ಎಷ್ಟು ವರ್ಷಗಳಿಂದ ಎಷ್ಟು ಮನೆಗಳಲ್ಲಿ ನಾವು ಹೀಗೆ ಪ್ರಸಾದ ಸ್ವೀಕರಿಸಿದ್ದೇವೆ, ಒಮ್ಮೆಯಾದರೂ ಅಡುಗೆಮನೆಯ ಕಡೆ ನೋಡಿದ್ದೇವೆಯೇ? ಭಕ್ತರ ತಪ್ಪನ್ನು ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಲೇಸು.

ಮನೆಯೊಳಗಿನ ಪಂಕ್ತಿಭೇದ

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಪಂಕ್ತಿಭೇದವನ್ನು ಒಪ್ಪಲಿಲ್ಲ. ಕುಲ ನೋಡಿ ಎಲೆ ಹಾಕುವುದನ್ನು, ಸಂಪತ್ತು ನೋಡಿ ತುಪ್ಪ ಬಡಿಸುವುದನ್ನು ಅವರು ಅಧರ್ಮವೆಂದು ತಿಳಿದರು. ಇಂದು ಮಠದ ದಾಸೋಹದಲ್ಲಿ ಯಾರಾದರೂ ಒಂದು ಸಾಲಿಗೆ ಪಲ್ಯ ಬಡಿಸಿ, ಇನ್ನೊಂದು ಸಾಲಿಗೆ ಬರೀ ಖಾರ ಬಡಿಸಿದರೆ ಭಕ್ತರು ಸುಮ್ಮನಿರುವರೇ? ಎದ್ದು ನಿಂತು ಕೇಳುತ್ತಾರೆ, ಕೇಳಬೇಕು ಕೂಡ. ಅದೇ ಕೆಲಸ ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಹೊತ್ತು ನಡೆಯುತ್ತಿದೆ. ಮೊದಲ ಪಂಕ್ತಿಗೆ ಪಲ್ಯ, ಕಡೆಯ ಪಂಕ್ತಿಗೆ ಖಾರ. ಕಡೆಯ ಪಂಕ್ತಿಯಲ್ಲಿ ಕುಳಿತವಳು ನಮ್ಮ ಮಗಳೋ ಸೊಸೆಯೋ ಆಗಿರುವುದರಿಂದ ಯಾರೂ ಕೇಳುವುದಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಗಂಡನಿಗೆ ಹೇಳಿದಳು. ಎಷ್ಟು ಬೇಕು, ಎಷ್ಟು ಸಾಕು ಎಂಬ ಅಳತೆ ಅವಳ ಕೈಯಲ್ಲಿತ್ತು, ಅವಳ ಮಾತಿಗೆ ಮನೆಯಲ್ಲಿ ಬೆಲೆಯಿತ್ತು. ನಮ್ಮ ಮನೆಗಳಲ್ಲಿ ಒಲೆಯ ಮುಂದೆ ಕುಳಿತವಳ ಕೈಗೆ ಸೌಟು ಕೊಟ್ಟಿದ್ದೇವೆ, ಅಳತೆ ಕೊಟ್ಟಿಲ್ಲ.

ದೇಹ ಹೇಳುವ ಲೆಕ್ಕ

ಇದು ಬರೀ ಭಾವನೆಯ ಮಾತೆಂದು ಯಾರೂ ತಿಳಿಯಬಾರದು. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತ ಕಡಿಮೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ನೂರಕ್ಕೆ ಸುಮಾರು 65. ತಾಯಿಯ ತಾಟಿನಲ್ಲಿ ಇಲ್ಲದ್ದು ಮಗುವಿನ ಮೈಗೆ ಎಲ್ಲಿಂದ ಬರಬೇಕು? ಕೆಲಸ ಮಾಡುವಾಗ ಏದುಸಿರು, ತಲೆ ತಿರುಗುವುದು, ಕಣ್ಣ ರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು, ಇವನ್ನು ನಾವು ಸೋಮಾರಿತನವೆಂದು ಬಯ್ಯುತ್ತೇವೆ. ಅದು ರಕ್ತದ ಕೊರತೆ ಇರಬಹುದು.

ಸರಕಾರವೂ ಇದನ್ನು ಅರಿತಿದೆ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಆರಂಭವಾಯಿತು. ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕೆಂದು ಅದರಲ್ಲಿ ಗೊತ್ತುಮಾಡಿದರು. ಕಾಳುಕಡಿಯನ್ನು ಮನೆಗೆ ಕಳಿಸಿದರೆ ಅದು ಮನೆಮಂದಿಗೆಲ್ಲ ಹಂಚಿಹೋಗಿ, ಯಾರಿಗಾಗಿ ಬಂತೋ ಅವಳಿಗೆ ಕಡೆಗೆ ಉಳಿಯುವುದು ಅಷ್ಟಕ್ಕಷ್ಟೇ. ಬಸುರಿಯ ಊಟ ಬಸುರಿಗೇ ಮುಟ್ಟಲೆಂದು ಅವಳನ್ನು ಮನೆಯಿಂದ ಹೊರಗೆ ಕರೆದು ಉಣ್ಣಿಸಬೇಕಾಗಿ ಬಂದದ್ದು ನಮ್ಮ ಮನೆತನಗಳಿಗೆ ಹೆಮ್ಮೆಯ ಮಾತೇ? ಹಿರಿಯರು ಯೋಚಿಸಬೇಕು.

ಅರ್ಧ ತಾಟಿನ ನಿಯಮ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ದೇಶದ ಜನರಿಗೆ ಆಹಾರದ ಮಾರ್ಗಸೂಚಿ ಕೊಟ್ಟಿದೆ. ಸಾಧಾರಣ ಕೆಲಸ ಮಾಡುವ ಒಬ್ಬರಿಗೆ ದಿನಕ್ಕೆ ಕಾಯಿಪಲ್ಯ, ಸೊಪ್ಪು ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಜೋಳ, ಅಕ್ಕಿ, ಗೋದಿ ಮುಂತಾದ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಹಾಲು ಮೊಸರು 300 ಮಿಲಿಲೀಟರ್, ಶೇಂಗಾ ಎಳ್ಳಿನಂಥವು 35 ಗ್ರಾಂ, ಎಣ್ಣೆ 27 ಗ್ರಾಂ ಎಂದು ಅದರ ಲೆಕ್ಕ. ತಕ್ಕಡಿ ಹಿಡಿದು ತೂಗುವ ಅಗತ್ಯವಿಲ್ಲ. ತಾಟಿನ ಅರ್ಧ ಭಾಗ ಕಾಯಿಪಲ್ಯ, ಸೊಪ್ಪು, ಹಣ್ಣು ಇರಲಿ. ಉಳಿದ ಅರ್ಧದಲ್ಲಿ ರೊಟ್ಟಿ ಅಥವಾ ಅನ್ನ, ಅದರ ಜೊತೆ ಕಾಳು ಬೇಳೆ ಇರಲಿ. ನೆನಪಿಡಲು ಇಷ್ಟೇ ಸಾಕು.

ಇದು ಪಟ್ಟಣದ ಡಾಕ್ಟರರ ಹೊಸ ಮಾತೆಂದು ಮುದುಕರು ಮೂಗು ಮುರಿಯಬೇಡಿ. ನಿಮ್ಮ ಅವ್ವಂದಿರ ಕಾಲದ ಗಂಗಾಳವನ್ನು ನೆನಪಿಸಿಕೊಳ್ಳಿ. ರೊಟ್ಟಿಯ ಜೊತೆ ಒಂದು ಕಾಯಿಪಲ್ಯ, ಒಂದು ಕಾಳುಪಲ್ಯ, ಮಗ್ಗುಲಲ್ಲಿ ಹಕ್ಕರಕಿ, ಎಳೆ ಮೆಂತ್ಯೆ, ಮೂಲಂಗಿ, ಸವತಿಕಾಯಿ, ಉಳ್ಳಾಗಡ್ಡಿಯ ಹಸಿರು ತಪ್ಪಲು, ಅಗಸಿಯ ಇಲ್ಲವೆ ಗುರೆಳ್ಳಿನ ಹಿಂಡಿ, ಮೇಲೆ ಮಜ್ಜಿಗೆ. ಹಸಿ ಸೊಪ್ಪನ್ನು ರೊಟ್ಟಿಯ ಜೊತೆ ಹಾಗೆಯೇ ಕಡಿದು ತಿನ್ನುವ ಪದ್ಧತಿ ನಮ್ಮ ಧಾರವಾಡ ಸೀಮೆಯ ದೊಡ್ಡ ಆಸ್ತಿ. ಜೋಳದಲ್ಲಿ ಇಲ್ಲದ ಸತ್ವವನ್ನು ಕಾಳು ತುಂಬುತ್ತದೆ, ಕಾಳಿನಲ್ಲಿ ಇಲ್ಲದ್ದನ್ನು ಸೊಪ್ಪು ತುಂಬುತ್ತದೆ. ಹಿರಿಯರು ಪುಸ್ತಕ ಓದಿ ಇದನ್ನು ಮಾಡಲಿಲ್ಲ, ಉಂಡು ನೋಡಿ ಕಂಡುಕೊಂಡರು.

ಈಗ ಆ ಗಂಗಾಳ ಬದಲಾಗಿದೆ. 2013ರಲ್ಲಿ ಆರಂಭವಾದ ಅನ್ನಭಾಗ್ಯದಿಂದ ಬಡವರ ಹಸಿವಿಗೆ ಆಸರೆಯಾಯಿತು, ಅದು ಪುಣ್ಯದ ಕೆಲಸ. ಆದರೆ ಅಕ್ಕಿಯಿಂದ ಹೊಟ್ಟೆ ತುಂಬೀತು, ತಾಟು ತುಂಬದು. ಗುಡ್ಡದಂಥ ಅನ್ನ, ನೀರಿನಂಥ ಸಾರು, ಅದರ ಮೇಲೆ ಸಕ್ಕರೆ ಚಹಾ, ಸಂಜೆಗೆ ಮಿರ್ಚಿ ಭಜಿ. ಹಿಂದೆ ಶ್ರೀಮಂತರ ಬೇನೆಯೆನಿಸಿದ್ದ ಸಕ್ಕರೆ ಕಾಯಿಲೆ ಇಂದು ಹಳ್ಳಿಯ ಕಟ್ಟೆಯ ಮೇಲೆ ಕುಳಿತಿದೆ. ಒಂದೇ ಮನೆಯಲ್ಲಿ ಅಜ್ಜನಿಗೆ ಸಕ್ಕರೆ ಹೆಚ್ಚು, ಸೊಸೆಗೆ ರಕ್ತ ಕಡಿಮೆ. ಇಬ್ಬರ ತಾಟಿನಲ್ಲೂ ಇಲ್ಲದಿರುವುದು ಪಲ್ಯವೇ.

ನಮ್ಮ ನೆಲ ಏನು ಕೊಡುತ್ತದೆ

"ಪಲ್ಯ ತರಬೇಕಂದ್ರ ರೊಕ್ಕ ಬೇಕಲ್ರೀ ಅಜ್ಜಾರ" ಎಂದು ಭಕ್ತರು ಹೇಳುವುದುಂಟು. ನಿಜ, ಬೇಸಿಗೆಯಲ್ಲಿ ಹುಬ್ಬಳ್ಳಿಯ ಜನತಾ ಬಜಾರಿನಲ್ಲಾಗಲಿ ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲಾಗಲಿ ದರ ಕೇಳಿದರೆ ಚೀಲ ಮಡಚಿಕೊಂಡು ಬರುವಂತಾಗುತ್ತದೆ. ಆದರೆ ಎಲ್ಲ ಪಲ್ಯವೂ ಸಂತೆಯಿಂದಲೇ ಬರಬೇಕಿಲ್ಲ.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಹೊಲಗಳಲ್ಲಿ ಹಿಂಗಾರಿಗೆ ಕಡಲೆ ಬೆಳೆಯುತ್ತದೆ. ಎಳೆಯ ಕಡಲೆಯ ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆ, ಚಿವುಟಿದ ಕುಡಿ ಪಲ್ಯವಾಗುತ್ತದೆ. ಔಷಧಿ ಹೊಡೆದ ಹೊಲದ ಕುಡಿ ಮಾತ್ರ ಬೇಡ. ಪುಂಡಿ, ರಾಜಗಿರಿ, ಕಿರಕಸಾಲಿ, ಸಬ್ಬಸಗಿ ಇವಕ್ಕೆ ದೊಡ್ಡ ಖರ್ಚಿಲ್ಲ. ಹಿತ್ತಲಿನಲ್ಲಿ ಒಂದು ನುಗ್ಗೆ, ಒಂದು ಪಪ್ಪಾಯಿ, ಒಂದು ಲಿಂಬೆ, ಒಂದು ಕರಿಬೇವು ಇದ್ದು, ಮುಸುರೆ ನೀರು ಅವುಗಳ ಬುಡಕ್ಕೆ ಹರಿದರೆ ವರ್ಷವೆಲ್ಲ ಕೈ ಹಿಡಿಯುತ್ತವೆ. ಒಂದು ಮಡಿಯಲ್ಲಿ ಮೆಂತ್ಯೆ ಚೆಲ್ಲಿದರೆ ತಿಂಗಳೊಳಗೆ ಕೈಗೆ ಬರುತ್ತದೆ. ನಾಲ್ಕು ಮಡಿ ಮಾಡಿ ವಾರಕ್ಕೊಂದು ಮಡಿ ಬಿತ್ತಿದರೆ ಸೊಪ್ಪು ತಪ್ಪುವುದೇ ಇಲ್ಲ. ಒಳ್ಳೆಯ ಬೀಜ, ತಿಳಿವಳಿಕೆ ಬೇಕಾದವರಿಗೆ ಧಾರವಾಡದಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯವೇ ಇದೆ. ಅಲ್ಲಿಯ ಕೃಷಿ ಮೇಳಕ್ಕೆ ಗಂಡಸರು ಟ್ರ್ಯಾಕ್ಟರ್ ನೋಡಲು ಹೋಗುತ್ತಾರೆ. ಬರುವಾಗ ಕೈತೋಟದ ಬೀಜವನ್ನೂ ತಂದರೆ ಮನೆಯವರು ಹರಸಿಯಾರು.

ಹಣ್ಣೆಂದರೆ ಸೇಬು ಎಂದು ತಿಳಿದು ಬಡವರು ಹಣ್ಣಿನ ಆಸೆಯನ್ನೇ ಬಿಟ್ಟಿದ್ದಾರೆ. ದೂರದ ಸೇಬಿಗಿಂತ ನಮ್ಮ ನವಲೂರಿನ ಪೇರಲ ಯಾವುದರಲ್ಲಿ ಕಡಿಮೆ? ಕಿತ್ತಳೆಯಲ್ಲಿರುವ ಸಿ ಜೀವಸತ್ವದ ಮೂರು ನಾಲ್ಕು ಪಟ್ಟು ಪೇರಲದಲ್ಲಿದೆ. ಬೇಸಿಗೆಗೆ ಧಾರವಾಡದ ಆಪೂಸು, ಮುಂಗಾರಿನ ಬಾಯಿಗೆ ನೇರಳೆ, ಕಲಘಟಗಿ ಕಡೆಯ ಅಡವಿಯ ಕವಳಿಹಣ್ಣು, ಚಳಿಗಾಲಕ್ಕೆ ಬಾರಿಹಣ್ಣು, ನೆಲ್ಲಿಕಾಯಿ, ಎಲ್ಲ ಕಾಲಕ್ಕೂ ಬಾಳೆ, ಪಪ್ಪಾಯಿ. ಆಯಾ ಕಾಲದ ಹಣ್ಣು ಆಯಾ ಕಾಲದಲ್ಲಿ ಅಗ್ಗ.

ಅಡುಗೆಯಲ್ಲಿ ಕೆಲವು ಎಚ್ಚರ

ತಾಯಂದಿರಿಗೆ ಅಡುಗೆ ಕಲಿಸುವ ಅಧಿಕಾರ ನಮಗಿಲ್ಲ. ಬಲ್ಲವರಿಂದ ಕೇಳಿ ತಿಳಿದುದನ್ನು ಹೇಳುತ್ತೇವೆ. ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಬೇಕು. ಹೆಚ್ಚಿ ತೊಳೆದರೆ ಸತ್ವ ನೀರಿನಲ್ಲಿ ಹೋಗುತ್ತದೆ. ಹಸಿಯಾಗಿ ತಿನ್ನುವ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಬೇಕು. ಬೇಗ ಬೇಯಲೆಂದು ಸೋಡಾ ಹಾಕಬಾರದು. ಕಾಳನ್ನು ಮೊಳಕೆ ಬರಿಸಿದರೆ ಮತ್ತೂ ಒಳ್ಳೆಯದು.

ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಸತ್ವ ಮೈಗೆ ಹತ್ತುವುದು ಸ್ವಲ್ಪವೇ. ಊಟದಲ್ಲಿ ಲಿಂಬೆರಸ ಹಿಂಡಿಕೊಂಡರೆ, ಒಂದು ಹೋಳು ಪೇರಲ ತಿಂದರೆ ಅದು ಹೆಚ್ಚು ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಹತ್ತುವುದೂ ಕಡಿಮೆಯಾಗುತ್ತದೆ. ಒಂದು ತಾಸಾದರೂ ತಡೆಯಬೇಕು. ಗರ್ಭಿಣಿಗೆ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಗುಳಿಗೆಯನ್ನು ಪಲ್ಯ ತಿನ್ನುತ್ತಾಳೆಂದು ಬಿಡಿಸಬಾರದು. ಗುಳಿಗೆಯೂ ಬೇಕು, ಪಲ್ಯವೂ ಬೇಕು.

ಹಲ್ಲಿಲ್ಲದ ಹಿರಿಯರಿಗೆ ಗಜ್ಜರಿ, ಸವತಿಕಾಯಿ ತುರಿದು ಮೊಸರಲ್ಲಿ ಕಲಸಿ ಕೊಡಬಹುದು. ಕುಂಬಳ, ಸೋರೆ, ಹೀರೆ ಮೆತ್ತಗೆ ಬೇಯುತ್ತವೆ. ಸಕ್ಕರೆ ಕಾಯಿಲೆಯವರು ಹಣ್ಣಿನ ರಸ ಕುಡಿಯದೆ ಹಣ್ಣನ್ನೇ ಮಿತವಾಗಿ ತಿನ್ನುವುದು ಒಳಿತು. ಮೂತ್ರಪಿಂಡದ ತೊಂದರೆ ಇರುವವರು ಯಾವ ಹಣ್ಣು, ಯಾವ ಸೊಪ್ಪು ಎಂದು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಮಠಗಳೂ ತಿದ್ದಿಕೊಳ್ಳಬೇಕು

ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ಬಂದವರು ಹಸಿದು ಹೋಗುವುದಿಲ್ಲ. ತುಮಕೂರಿನ ಸಿದ್ಧಗಂಗೆಯ ದಾಸೋಹವನ್ನು ದೇಶವೇ ಬಲ್ಲದು. 2002ರಲ್ಲಿ ಶಾಲಾ ಮಕ್ಕಳ ಬಿಸಿಯೂಟ ಆರಂಭವಾದಾಗ ಸರಕಾರವು ಅದಕ್ಕೆ ಅಕ್ಷರ ದಾಸೋಹವೆಂದೇ ಹೆಸರಿಟ್ಟಿತು. ಹಸಿವು ದೊಡ್ಡದಾಗಿದ್ದ ಕಾಲದಲ್ಲಿ ಹೊಟ್ಟೆ ತುಂಬಿಸುವುದೇ ಮಠಗಳ ಧರ್ಮವಾಗಿತ್ತು. ಈಗ ತಾಟನ್ನೂ ನೋಡಬೇಕಾಗಿದೆ. ಜಾತ್ರೆಯಲ್ಲಿ ಗೋದಿ ಹುಗ್ಗಿಯ ಜೊತೆ ಪಲ್ಯದ ಸೌಟು ದೊಡ್ಡದಾಗಲಿ. ಹರಕೆಗೆ ಸಕ್ಕರೆ, ಅಕ್ಕಿ ಚೀಲ ತರುವ ಭಕ್ತರು ಒಂದು ಹೆಡಿಗೆ ಕುಂಬಳಕಾಯಿ, ಒಂದು ಬುಟ್ಟಿ ಪೇರಲ ತಂದರೂ ಅದು ದಾಸೋಹವೇ. ಬಿನ್ನಹಕ್ಕೆ ಕರೆಯಲು ಬಂದವರಿಗೆ ನಾವು ಈಗ ಒಂದು ಮಾತು ಹೇಳುತ್ತೇವೆ. ಮೊದಲು ಮನೆಯ ಹೆಣ್ಣುಮಕ್ಕಳ ಪಾಲಿನ ಪಲ್ಯ ತೆಗೆದು ಮುಚ್ಚಿಡಿರಿ, ಆಮೇಲೆ ನಮಗೆ ಬಡಿಸಿರಿ. ಲಿಂಗಕ್ಕೆ ಅರ್ಪಿಸಿದ ಮೇಲೆ ತೆಗೆದಿಟ್ಟರೆ ಅದರಲ್ಲಿ ಮೈಲಿಗೆಯೇನೂ ಇಲ್ಲ.

ಭೂತಾಯಿಯ ಬಯಕೆ

ಸೀಗೆ ಹುಣ್ಣಿಮೆಯ ದಿನ ನಮ್ಮ ಒಕ್ಕಲಿಗರು ಏನು ಮಾಡುತ್ತಾರೆ? ಬೆಳೆ ಹೊತ್ತು ನಿಂತ ಭೂಮಿಯನ್ನು ಬಸುರಿಯೆಂದು ತಿಳಿದು, ಸಜ್ಜಿ ರೊಟ್ಟಿ, ಕಡಬು, ತರತರದ ಪಲ್ಯ ಮಾಡಿ, ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಮೊದಲು ಅವಳ ಬಯಕೆ, ಆಮೇಲೆ ನಮ್ಮ ಊಟ. ಎಂಥ ದೊಡ್ಡ ತಿಳಿವಳಿಕೆ ಇದು! ಮಣ್ಣಿನ ಬಸುರಿಗೆ ಮೊದಲು ಉಣ್ಣಿಸುವ ಮನೆಯಲ್ಲಿ ಮನೆಯ ಬಸುರಿ ಕಡೆಗೆ ಖಾರ ಉಣ್ಣಬಹುದೇ?

ಈ ಮಾತನ್ನು ಆ ಕುಂದಗೋಳ ಕಡೆಯ ಭಕ್ತರಿಗೂ ಒಮ್ಮೆ ಹೇಳಿ ಕಳಿಸಿದ್ದೆವು. ಮರುವರ್ಷ ಸೀಗೆ ಹುಣ್ಣಿಮೆಗೆ ಅವರು ನಮ್ಮನ್ನು ಹೊಲಕ್ಕೆ ಕರೆದರು. ಚರಗ ಮುಗಿದ ಮೇಲೆ ಬನ್ನಿ ಗಿಡದ ನೆರಳಿನಲ್ಲಿ ಎಲ್ಲರೂ ದುಂಡಗೆ ಕುಳಿತೆವು. ಹೊಲದಲ್ಲಿ ಅಡುಗೆಮನೆಯ ಬಾಗಿಲಿಲ್ಲ. ಆ ಸೊಸೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದೇ ಪಂಕ್ತಿಯಲ್ಲಿದ್ದಳು. ಅತ್ತೆ ಬುಟ್ಟಿ ಬಿಚ್ಚಿ ಮೊದಲು ಅವಳ ತಾಟಿಗೆ ಎರಡು ಸೌಟು ಪಲ್ಯ ಹಾಕಿ, ನಮ್ಮ ಕಡೆ ತಿರುಗಿ, "ಮನ್ಯಾಗೂ ಹಿಂಗ ರೀ ಅಜ್ಜಾರ, ಈಗ. ಮರತರ ನೀವು ಬೈತೀರಿ ಅಂತ ಇವರ ಮಾವನ ನೆನಪ ಮಾಡತಾರ" ಎಂದು ನಕ್ಕರು. ಅಂದಿನ ಪ್ರಸಾದ ನಮಗೆ ನಿಜವಾಗಿ ಪ್ರಸಾದವಾಯಿತು.

ಸದ್ಭಕ್ತರೇ, ಇಂದು ರಾತ್ರಿಯ ಊಟಕ್ಕೆ ಕುಳಿತಾಗ ಒಂದು ಕೆಲಸ ಮಾಡಿರಿ. ಎರಡನೆಯ ಸಲ ಪಲ್ಯ ಹಾಕಿಸಿಕೊಳ್ಳುವ ಮುನ್ನ ಬೋಗುಣಿಯೊಳಗೆ ಒಮ್ಮೆ ನೋಡಿರಿ, ಇನ್ನೂ ಉಣ್ಣಬೇಕಾದವರು ಎಷ್ಟು ಜನ ಎಂದು ಎಣಿಸಿರಿ. ಇದನ್ನು ಮನೆಯ ಹಿರಿಯರೇ ಮೊದಲು ಮಾಡಿದರೆ ಕಿರಿಯರು ತಾವಾಗಿ ಕಲಿಯುತ್ತಾರೆ. ನಿಮ್ಮ ಹೊಲ ಹಸಿರಾಗಿರಲಿ, ಹಿತ್ತಲು ತುಂಬಿರಲಿ, ನಿಮ್ಮ ಮನೆಯ ಕಡೆಯ ಪಂಕ್ತಿಯ ತಾಟಿನಲ್ಲಿಯೂ ಪಲ್ಯ ಉಳಿಯಲಿ ಎಂದು ಹಾರೈಸುತ್ತೇವೆ. ಸರ್ವರಿಗೂ ಶುಭವಾಗಲಿ.